ಮಂತ್ರವಾದಿಯೇ ಎಲ್ಲ ಮುಗಿಸಿದರೆ ಕತ್ತಿ ಹಿಡಿದವನಿಗೇನು ಕೆಲಸ?

ಮೂರು ಗಂಟೆಯ ಆಟ. ಟೇಬಲ್ ಸುತ್ತ ಐದು ಜನ. ಒಬ್ಬರ ಸರದಿ ಬರುತ್ತೆ, ಹಿಡಿ ತುಂಬ ದಾಳ ಉರುಳುತ್ತೆ, ಎದುರಿಗಿದ್ದ ರಾಕ್ಷಸರೆಲ್ಲ ಸುಟ್ಟು ಬೂದಿ! ಕೇಕೆ, ಚಪ್ಪಾಳೆ ಎಲ್ಲ ಆಗುತ್ತೆ. ಆದರೆ ತಮ್ಮ ಸರದಿ ಯಾವಾಗ ಬರುತ್ತೋ ಅಂತ ಕತ್ತಿ ಮಸೆದುಕೊಂಡು ಕೂತಿದ್ದವರು ಏನು ಮಾಡಬೇಕು? ಒಂದು ಸಲ ಆದರೆ ನಕ್ಕು ಸುಮ್ಮನಾಗಬಹುದು. ಪ್ರತಿ ಸಲವೂ ಹೀಗೇ ಆದರೆ ಅವರ ಕೈ ಮೆಲ್ಲಗೆ ಮೊಬೈಲ್ ಕಡೆ ಹೋಗುತ್ತೆ. ಇನ್ನೊಂದೆರಡು ತಿಂಗಳಲ್ಲಿ ಗ್ರೂಪ್‌ಗೆ ಮೆಸೇಜ್ ಬರುತ್ತೆ: ‘ಈ ಭಾನುವಾರ ಸ್ವಲ್ಪ ಕೆಲಸ ಇದೆ ಕಣ್ರೋ.’

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವ ಗುಂಪು ಒಡೆಯೋದಕ್ಕೆ ಜಗಳವೇ ಆಗಬೇಕಿಲ್ಲ. ಇಷ್ಟು ಸಾಕು.

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಈ ಆಟ ಗೊತ್ತಿರುತ್ತೆ. ಆ ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಕೂತು ಆಡೋದು ಇದನ್ನೇ. ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಯಕ್ಷಗಾನದ ಭಾಗವತರ ಹಾಗೆ ಕಥೆ ನಡೆಸೋದು ಅವರು. ಶತ್ರುಗಳನ್ನು ಆಡಿಸೋದೂ ಅವರೇ. ಉಳಿದವರಿಗೆ ತಲಾ ಒಂದು ಪಾತ್ರ. ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್, ಅಂದರೆ ಅದರ ಕಸುಬು. ಕತ್ತಿ ಹಿಡಿದು ಮುಂದೆ ನಿಲ್ಲೋನು ಫೈಟರ್. ಮಂತ್ರ ಹಾಕೋನು ವಿಝಾರ್ಡ್. ದೇವರ ಹೆಸರಲ್ಲಿ ಗಾಯ ವಾಸಿ ಮಾಡೋನು ಕ್ಲೆರಿಕ್. ಮರೆಯಲ್ಲಿ ನಿಂತು ಇರಿಯೋನು ರೋಗ್. ಏಟು ತಾಗಿತೋ ಇಲ್ಲವೋ ಅಂತ ಹೇಳೋದು ಇಪ್ಪತ್ತು ಮುಖದ ದಾಳ.

ಇಷ್ಟೊಂದು ಬೇರೆ ಬೇರೆ ಕಸುಬಿನವರನ್ನು ಒಂದೇ ಕಾಳಗಕ್ಕೆ ಇಳಿಸಿ, ಎಲ್ಲರಿಗೂ ‘ನಾನಿದ್ದಿದ್ದಕ್ಕೆ ಗೆದ್ದೆವು’ ಅನಿಸುವಂತೆ ಮಾಡೋದು ಹೇಗೆ? ಇದಕ್ಕೇ ಕ್ಲಾಸ್ ಬ್ಯಾಲೆನ್ಸ್ ಅನ್ನೋದು.

ಐವತ್ತು ವರ್ಷದ ತಲೆನೋವು

ಈ ತಲೆನೋವು ಹೊಸದೇನಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಪುಟ್ಟ ಊರಿನಿಂದ 1974ರಲ್ಲಿ ಈ ಆಟ ಹೊರಬಂತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇಬ್ಬರೂ ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಯುದ್ಧದ ಆಟ ಆಡುತ್ತಿದ್ದವರು. ಆಗ ಇದ್ದಿದ್ದು ಮೂರೇ ಕ್ಲಾಸ್: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಆರ್ನೆಸನ್ ಅವರ ಟೇಬಲ್‌ನಲ್ಲಿ ಒಬ್ಬ ಆಟಗಾರನ ರಕ್ತಪಿಶಾಚಿ ಪಾತ್ರ ಮಿತಿಮೀರಿ ಬಲಿತಾಗ, ಅದಕ್ಕೆ ಲಗಾಮು ಹಾಕಲೆಂದೇ ಕ್ಲೆರಿಕ್ ಹುಟ್ಟಿದ್ದು ಅಂತ ಹಳೇ ಆಟಗಾರರು ಹೇಳ್ತಾರೆ. 1975ರ ‘ಗ್ರೇಹಾಕ್’ ಪುಸ್ತಕದಲ್ಲಿ ಕಳ್ಳನೂ ಸೇರಿಕೊಂಡ. ಇವತ್ತಿನ ರೋಗ್‌ಗೆ ಅವನೇ ಮುತ್ತಜ್ಜ.

ಆ ಕಾಲದಲ್ಲಿ ಬ್ಯಾಲೆನ್ಸ್ ಅಂದರೆ ತಾಳ್ಮೆಯ ಪರೀಕ್ಷೆ. 1989ರ ಎರಡನೇ ಆವೃತ್ತಿಯನ್ನೇ ತಗೊಳ್ಳಿ. ಮೊದಲ ಲೆವೆಲ್‌ನ ಸಾಮಾನ್ಯ ವಿಝಾರ್ಡ್‌ಗೆ ದಿನಕ್ಕೆ ಒಂದೇ ಒಂದು ಮಂತ್ರ. ಹಿಟ್ ಪಾಯಿಂಟ್ ಲೆಕ್ಕಕ್ಕೆ ನಾಲ್ಕು ಮುಖದ ದಾಳ. ಬೆಕ್ಕು ಪರಚಿದರೂ ಸತ್ತಾನು ಅಂತ ಆಟಗಾರರು ತಮಾಷೆ ಮಾಡ್ತಿದ್ದರು. ಎರಡನೇ ಲೆವೆಲ್‌ಗೆ ಹತ್ತಲು ಕಳ್ಳನಿಗೆ 1,250 ಅನುಭವದ ಅಂಕ ಸಾಕು, ಫೈಟರ್‌ಗೆ 2,000 ಬೇಕು, ವಿಝಾರ್ಡ್‌ಗೆ 2,500. ಇಷ್ಟೆಲ್ಲ ಪಾಡುಪಟ್ಟು ಬದುಕುಳಿದರೆ ಕೊನೆಗೆ ಅವನೇ ರಾಜ. ಫೈಟರ್ ಬೆಳೆಯೋದು ಸರಳರೇಖೆಯಲ್ಲಿ. ವಿಝಾರ್ಡ್‌ನ ಗ್ರಾಫ್ ಮೇಲಕ್ಕೆ ಬಾಗುತ್ತಾ ಹೋಗುತ್ತೆ. ಒಬ್ಬರಿಗೆ ಮೊದಲ ಆರು ತಿಂಗಳು ಬೋರು, ಇನ್ನೊಬ್ಬರಿಗೆ ಕೊನೆಯ ಆರು ತಿಂಗಳು. ಒಟ್ಟು ಲೆಕ್ಕ ಸಮ ಇರಬಹುದು, ಆದರೆ ಯಾವ ಒಂದು ಭಾನುವಾರವೂ ಸಮ ಇರಲಿಲ್ಲ. 2000ನೇ ಇಸವಿಯ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಅಂಕದ ಪಟ್ಟಿ ಕೊಟ್ಟಿತು. ವಿಝಾರ್ಡ್‌ಗೆ ಇದ್ದ ಆ ಒಂದು ತಡೆಯೂ ಹೋಯ್ತು.

2008ರ ನಾಲ್ಕನೇ ಆವೃತ್ತಿ ಇದನ್ನು ಎಂಜಿನಿಯರಿಂಗ್ ಸಮಸ್ಯೆ ಅಂತಲೇ ಹಿಡಿದುಕೊಂಡಿತು. ನಾಲ್ಕು ಹುದ್ದೆ ಬರೆದಿಟ್ಟಿತು. ಡಿಫೆಂಡರ್ ಏಟು ತಿನ್ನೋನು, ಸ್ಟ್ರೈಕರ್ ಏಟು ಕೊಡೋನು, ಲೀಡರ್ ಜೊತೆಯವರನ್ನು ಎತ್ತಿ ನಿಲ್ಲಿಸೋನು, ಕಂಟ್ರೋಲರ್ ಶತ್ರುಗಳನ್ನು ಕಟ್ಟಿಹಾಕೋನು. ಎಲ್ಲ ಕ್ಲಾಸ್‌ಗೂ ಒಂದೇ ಅಚ್ಚಿನ ಶಕ್ತಿಗಳು: ಕೆಲವು ಯಾವಾಗ ಬೇಕಾದರೂ, ಕೆಲವು ಕಾಳಗಕ್ಕೊಮ್ಮೆ, ಕೆಲವು ದಿನಕ್ಕೊಮ್ಮೆ. ಲೆಕ್ಕ ಚೊಕ್ಕವಾಗಿತ್ತು. ಆದರೆ ‘ಯಾರನ್ನು ಆಡಿದರೂ ಒಂದೇ ಥರ ಅನಿಸುತ್ತೆ’ ಅಂತ ಬಹಳ ಜನ ಗೊಣಗಿದರು. ಅದರಲ್ಲಿ ಅರ್ಥ ಇದೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ತಾರತಮ್ಯ ಹೋಗುತ್ತೆ, ಜೊತೆಗೆ ಗುರುತೂ ಹೋಗುತ್ತೆ.

2014ರ ಐದನೇ ಆವೃತ್ತಿ ಮತ್ತೆ ಹಳೇ ದಾರಿಗೆ ಹೊರಳಿತು. ಫೈಟರ್‌ಗೆ ದಣಿಯದ ಕತ್ತಿ, ವಿಝಾರ್ಡ್‌ಗೆ ಎಣಿಸಿಟ್ಟ ಮಂತ್ರ. ಇವತ್ತು ಹೆಚ್ಚಾಗಿ ಆಡೋದು ಇದನ್ನೇ, ಇಲ್ಲಾಂದ್ರೆ ಇದರ 2024ರ ಪರಿಷ್ಕೃತ ಪುಸ್ತಕವನ್ನ. ಹಾಗಾದರೆ ಇದರಲ್ಲಿ ಫೈಟರ್‌ಗೆ ಅನ್ಯಾಯ ಆಗಿದೆಯಾ? ಬಾಯಿಮಾತು ಬೇಡ, ಲೆಕ್ಕ ಮಾಡಿಯೇ ನೋಡೋಣ.

ನಾಲ್ಕು ಓಗರ್, ಎರಡು ಫೈರ್‌ಬಾಲ್

2014ರ ನಿಯಮ. ಇಬ್ಬರೂ ಐದನೇ ಲೆವೆಲ್. ಎದುರಿಗೆ ನಾಲ್ಕು ಓಗರ್, ಅಂದರೆ ದೊಣ್ಣೆ ಹಿಡಿದ ದೈತ್ಯರು. ಒಬ್ಬೊಬ್ಬನಿಗೂ 59 ಹಿಟ್ ಪಾಯಿಂಟ್, ಒಟ್ಟು 236.

ಫೈಟರ್ ಕೈಲಿ ಎರಡು ಕೈ ಹಿಡಿಯೋ ದೊಡ್ಡ ಕತ್ತಿ, ಶಕ್ತಿ 18. ಒಂದು ಸರದಿಗೆ ಎರಡು ಏಟು. ತಾಗಿದರೆ ಪ್ರತಿ ಏಟಿಗೆ ಸರಾಸರಿ 11. ಓಗರ್‌ಗೆ ತಾಗುವ ಸಾಧ್ಯತೆ 85 ಪರ್ಸೆಂಟ್. ಅಲ್ಲಿಗೆ ಸರದಿಗೆ ಸುಮಾರು 19.

ವಿಝಾರ್ಡ್ ಹತ್ತಿರ ಫೈರ್‌ಬಾಲ್. ಆರು ಮುಖದ ಎಂಟು ದಾಳ, ಸರಾಸರಿ 28. ಇಪ್ಪತ್ತು ಅಡಿ ಸುತ್ತಳತೆಯೊಳಗೆ, ಸರಿಯಾಗಿ ಹೇಳಬೇಕಂದ್ರೆ ಮಧ್ಯದಿಂದ ಇಪ್ಪತ್ತು ಅಡಿಯೊಳಗೆ ಇದ್ದವರಿಗೆಲ್ಲ ತಾಗುತ್ತೆ. ಪಕ್ಕಕ್ಕೆ ಹಾರಿ ಅರ್ಧ ಏಟು ತಪ್ಪಿಸಿಕೊಳ್ಳುವ ಅವಕಾಶವನ್ನೂ ಸೇರಿಸಿದರೆ ಒಬ್ಬ ಓಗರ್‌ಗೆ 24.5. ನಾಲ್ವರೂ ಗುಂಪಾಗಿ ನಿಂತಿದ್ದರೆ 98! ನಡುವೆ ವಿಶ್ರಾಂತಿ ಇಲ್ಲದಿದ್ದರೆ ಇಂಥ ಮಂತ್ರ ಅವನು ಎರಡು ಸಲ ಹಾಕಬಹುದು.

ಈಗ ಮೂರು ಸುತ್ತಿನ ಒಂದು ಕಾಳಗ. ಫೈಟರ್‌ಗೆ ಆ್ಯಕ್ಷನ್ ಸರ್ಜ್ ಅಂತ ಇನ್ನೊಂದು ಸರದಿಯೂ ಸಿಗುತ್ತೆ. ಅವನ ಒಟ್ಟು ಮೊತ್ತ ಸುಮಾರು 75. ವಿಝಾರ್ಡ್ ಎರಡು ಫೈರ್‌ಬಾಲ್, ಒಂದು ಚಿಕ್ಕ ಬೆಂಕಿಕಿಡಿ ಹಾಕಿದ: ಸುಮಾರು 205. ಎರಡು ಫೈರ್‌ಬಾಲ್ ಆದ ಮೇಲೆ ಒಬ್ಬೊಬ್ಬ ಓಗರ್‌ಗೆ ಉಳಿಯೋದು ಹತ್ತೇ ಪಾಯಿಂಟ್. ಫೈಟರ್ ಹೋಗಿ ಕಸ ಗುಡಿಸಿ ಬರಬೇಕು, ಅಷ್ಟೇ.

ಅನ್ಯಾಯ ಅಲ್ವಾ? ತಾಳಿ, ಅದೇ ದಿನ ಅಂಥ ಆರು ಕಾಳಗ ಇದ್ದರೆ? ಹದಿನೆಂಟು ಸುತ್ತು. ಮಧ್ಯೆ ಎರಡು ಸಲ ಗಂಟೆ ಹೊತ್ತಿನ ವಿಶ್ರಾಂತಿ ಸಿಕ್ಕಿದರೆ ಫೈಟರ್‌ಗೆ ಆ್ಯಕ್ಷನ್ ಸರ್ಜ್ ಮೂರು ಸಲ ಆಗುತ್ತೆ. ಅವನ ಒಟ್ಟು ಸುಮಾರು 390. ವಿಝಾರ್ಡ್‌ಗೂ ವಿಶ್ರಾಂತಿಯಲ್ಲಿ ಒಂದು ಫೈರ್‌ಬಾಲ್‌ನಷ್ಟು ಶಕ್ತಿ ವಾಪಸ್ ಬರುತ್ತೆ; ಒಟ್ಟು ಮೂರು ಫೈರ್‌ಬಾಲ್, ಉಳಿದ ಹದಿನೈದು ಸುತ್ತೂ ಬೆಂಕಿಕಿಡಿ: ಸುಮಾರು 435. ಇನ್ನು ಏಳು ಸಣ್ಣ ಸ್ಪೆಲ್ ಸ್ಲಾಟ್ ಅವನ ಹತ್ತಿರ ಇರುತ್ತೆ ನಿಜ. ಆದರೆ ಅದರಲ್ಲಿ ಒಂದಷ್ಟು ತನ್ನ ಪ್ರಾಣ ಉಳಿಸಿಕೊಳ್ಳೋದಕ್ಕೇ ಖರ್ಚಾಗುತ್ತೆ. ಈಗ ತಕ್ಕಡಿ ಹೆಚ್ಚುಕಮ್ಮಿ ಸಮ.

ಪಾತ್ರದ ಹಾಳೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾಗಿದ್ದು ದಿನದ ಉದ್ದ ಮಾತ್ರ.

ಫೈಟರ್‌ನದ್ದು ತಿಂಗಳ ಸಂಬಳ, ವಿಝಾರ್ಡ್‌ನದ್ದು ವರ್ಷಕ್ಕೊಮ್ಮೆ ಬರುವ ಬೋನಸ್. ಬೋನಸ್ ಬಂದ ದಿನವೇ ಇಬ್ಬರ ಅಕೌಂಟ್ ತೆಗೆದು ಹೋಲಿಸಿದರೆ ಏನಾಗುತ್ತೆ ಹೇಳಿ?

ಆರು ಕಾಳಗಕ್ಕೆ ಟೈಮ್ ಎಲ್ಲಿದೆ?

2014ರ ಡಂಜನ್ ಮಾಸ್ಟರ್ಸ್ ಗೈಡ್ ಈ ಲೆಕ್ಕವನ್ನು ಮುಚ್ಚಿಟ್ಟಿರಲಿಲ್ಲ. ಸಾಮಾನ್ಯ ತಂಡ ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ ಎದುರಿಸಬಲ್ಲದು, ನಡುವೆ ಎರಡು ಸಣ್ಣ ವಿಶ್ರಾಂತಿ ಬೇಕಾಗುತ್ತೆ ಅಂತ ಅದರಲ್ಲೇ ಇದೆ. ಎಲ್ಲ ಕ್ಲಾಸ್‌ಗಳ ತೂಕ ನಿಂತಿರೋದು ಈ ದಿನದ ಮೇಲೆ.

ಈಗ ನಮ್ಮ ದಿನ ನೋಡಿ. ನಾವು ಗೆಳೆಯರು ಆಡೋದು ಎರಡು ವಾರಕ್ಕೊಮ್ಮೆ, ಎಲ್ಲರೂ ಐಟಿಯವರೇ. ಒಬ್ಬಳಿಗೆ ಆನ್‌ಕಾಲ್, ಒಬ್ಬನಿಗೆ ರಿಲೀಸ್, ಇನ್ನೊಬ್ಬನಿಗೆ ಮನೆಯಲ್ಲಿ ಪುಟ್ಟ ಮಗು. ಮೂರು ಗಂಟೆ ಒಟ್ಟಿಗೆ ಸಿಕ್ಕಿದರೆ ಪುಣ್ಯ. ಅದರಲ್ಲಿ ಅರ್ಧ ಗಂಟೆ ಕಾಫಿ-ಹರಟೆ, ಒಂದು ಗಂಟೆ ಕಥೆ. ಉಳಿದ ಹೊತ್ತಲ್ಲಿ ಒಂದು ಕಾಳಗ, ಜಾಸ್ತಿ ಅಂದರೆ ಎರಡು. ಆಟ ಮುಗಿಸಿ ಏಳುವಾಗ ‘ಸರಿ, ಎಲ್ಲರೂ ಮಲಗಿ ಎದ್ದಿರಿ ಅಂದ್ಕೊಳ್ಳಿ’ ಅಂತ ಹೇಳಿಬಿಡೋದು ಎಷ್ಟೋ ಟೇಬಲ್‌ಗಳ ರೂಢಿ. ಮಲಗಿ ಎದ್ದರೆ ವಿಝಾರ್ಡ್‌ನ ಮಂತ್ರವೆಲ್ಲ ವಾಪಸ್ ಬರುತ್ತೆ. ಅಂದರೆ ಪ್ರತಿ ಭಾನುವಾರವೂ ಅವನಿಗೆ ಬೋನಸ್ ದಿನ!

ಕೆಲಸಕ್ಕೆ ಹೋಗುವ ನಮ್ಮಂಥವರ ಟೇಬಲ್‌ನಲ್ಲಿ ಫೈಟರ್ ಸಪ್ಪೆ ಅನಿಸೋದಕ್ಕೆ ಮುಖ್ಯ ಕಾರಣ ಇದು. ಫೈಟರ್ ಆಡುವ ಗೆಳೆಯನಿಗೆ ಆಟ ಬರಲ್ಲ ಅಂತಲೋ, ವಿಝಾರ್ಡ್ ಆಡುವ ಗೆಳತಿ ಸ್ವಾರ್ಥಿ ಅಂತಲೋ ಅಲ್ಲ. ನಿಯಮ ಬರೆದವರ ದಿನಕ್ಕೂ ನಮ್ಮ ಕ್ಯಾಲೆಂಡರ್‌ಗೂ ತಾಳೆ ಆಗ್ತಿಲ್ಲ.

ಒಬ್ಬರ ಕೈಗೆ ಇನ್ನೊಬ್ಬರ ಕೈ

ಏಟಿನ ಮೊತ್ತವೊಂದೇ ಅಳತೆಗೋಲಾದರೆ ಬ್ಯಾಲೆನ್ಸ್ ಅರ್ಧ ಮಾತ್ರ ಅರ್ಥವಾದ ಹಾಗೆ. ಈ ಆಟದ ಒಳ್ಳೆಯ ನಿಯಮಗಳು ಒಬ್ಬರನ್ನು ಇನ್ನೊಬ್ಬರಿಗೆ ಗಂಟು ಹಾಕುತ್ತವೆ.

ರೋಗ್‌ನ ಸ್ನೀಕ್ ಅಟ್ಯಾಕ್ ನೋಡಿ. ಐದನೇ ಲೆವೆಲ್‌ನಲ್ಲಿ ಅದು ಸರಾಸರಿ 10.5 ಹೆಚ್ಚುವರಿ ಏಟು. ಆದರೆ ಅದು ಸಿಗಬೇಕಾದರೆ ರೋಗ್‌ಗೆ ಅನುಕೂಲದ ಸ್ಥಿತಿ ಇರಬೇಕು, ಇಲ್ಲವೇ ಆ ಶತ್ರುವಿನಿಂದ ಐದು ಅಡಿಯೊಳಗೆ ತನ್ನ ಕಡೆಯವರು ಒಬ್ಬರು ನಿಂತಿರಬೇಕು. ಅಲ್ಲಿ ಹೋಗಿ ನಿಲ್ಲೋರು ಯಾರು? ಫೈಟರ್ರೇ. ರೋಗ್ ಕೊಟ್ಟ ಏಟಲ್ಲಿ ಅವನ ಪಾಲೂ ಇದೆ.

ವಿಝಾರ್ಡ್‌ನ ದೊಡ್ಡ ದೊಡ್ಡ ಮಂತ್ರಗಳಲ್ಲಿ ಬಹಳಷ್ಟು ಏಕಾಗ್ರತೆ ಬೇಡುತ್ತವೆ. ಅಂಥದ್ದು ಒಮ್ಮೆಗೆ ಒಂದೇ. ನಡುವೆ ಏಟು ಬಿದ್ದರೆ ದಾಳ ಹಾಕಿ ಉಳಿಸಿಕೊಳ್ಳಬೇಕು. ಆಗದಿದ್ದರೆ ಜೇಡರ ಬಲೆಯಂತೆ ಹರಡಿದ್ದ ಮಂತ್ರ ಕ್ಷಣದಲ್ಲಿ ಮಾಯ. ಆದ್ದರಿಂದ ಓಗರ್ ವಿಝಾರ್ಡ್ ಹತ್ತಿರ ಬಾರದಂತೆ ಯಾರಾದರೂ ತಡೀಲೇಬೇಕು.

ಇಲ್ಲೊಂದು ತೊಡಕಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಥರದ ಕಂಪ್ಯೂಟರ್ ಆಟದಲ್ಲಿ ಟ್ಯಾಂಕ್ ಒಂದು ಬಟನ್ ಒತ್ತಿದರೆ ರಾಕ್ಷಸ ಅವನ ಕಡೆಗೇ ತಿರುಗುತ್ತಾನೆ. ಟೇಬಲ್ ಮೇಲಿನ ರಾಕ್ಷಸನ ತಲೆಯೊಳಗೆ ಇರೋದು ಡಿಎಂ. ‘ಈ ಕಬ್ಬಿಣದ ಅಂಗಿಯವನನ್ನು ಬಿಟ್ಟು ಆ ನಿಲುವಂಗಿಯವನನ್ನು ಹೊಡೀತೀನಿ’ ಅಂತ ಅವರು ಪಕ್ಕದಿಂದ ಹಾದು ಹೋಗಬಹುದು. ಹಾಗೆ ಹೋಗುವವನಿಗೆ ಫೈಟರ್ ಒಂದು ಏಟು ಕೊಡಬಹುದು, ಆದರೆ ಸುತ್ತಿಗೆ ಒಬ್ಬನಿಗೆ ಮಾತ್ರ. ಎರಡನೆಯವನು ನಿರಾಳವಾಗಿ ದಾಟುತ್ತಾನೆ. ಬಯಲಲ್ಲಿ ನಿಂತ ಫೈಟರ್ ಯಾರನ್ನೂ ತಡೆಯಲಾರ. ಅವನಿಗೆ ಬಾಗಿಲು ಬೇಕು. ಚಕ್ರವ್ಯೂಹದ ಬಾಯಲ್ಲಿ ಜಯದ್ರಥ ಒಬ್ಬನೇ ನಿಂತು ನಾಲ್ವರು ಪಾಂಡವರನ್ನು ತಡೆದ ಕಥೆ ನಮಗೆಲ್ಲ ಗೊತ್ತು. ವರದ ಬಲವೂ ಇತ್ತು, ನಿಂತ ಜಾಗವೂ ಹಾಗಿತ್ತು. ಡಿಎಂ ಬರೆಯುವ ನಕ್ಷೆಯಲ್ಲಿ ಒಂದು ಕಿರಿದಾದ ಸೇತುವೆ, ಒಂದು ಗುಹೆಯ ಬಾಯಿ ಇದ್ದರೆ ಫೈಟರ್‌ಗೆ ಹೊಸ ಶಕ್ತಿ ಕೊಟ್ಟ ಹಾಗೇ.

ಇನ್ನು ಕ್ಲೆರಿಕ್. ‘ಯಾರಾದ್ರೂ ಒಬ್ರು ಹೀಲರ್ ಆಗ್ಲೇಬೇಕು’ ಅಂತ ತಂಡದಲ್ಲಿ ಸುಮ್ಮನಿರೋರ ತಲೆಗೆ ಇದನ್ನು ಕಟ್ಟೋದು ವಾಡಿಕೆ. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಗಲಿ ಅಂತ ರಾಹುಲ್ ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕಿಕೊಂಡಿದ್ದು ನೆನಪಿದೆಯಲ್ಲ? ಆದರೆ ದ್ರಾವಿಡ್ ಬ್ಯಾಟಿಂಗ್ ಬಿಡಲಿಲ್ಲ. ಕ್ಲೆರಿಕ್ ಕೂಡ ಬಿಡಬೇಕಿಲ್ಲ, ಲೆಕ್ಕವೂ ಅದನ್ನೇ ಹೇಳುತ್ತೆ. 2014ರ ನಿಯಮದಲ್ಲಿ ಕ್ಯೂರ್ ವೂಂಡ್ಸ್ ಮಂತ್ರ ಸರಾಸರಿ 8.5 ಪಾಯಿಂಟ್ ವಾಪಸ್ ಕೊಡುತ್ತೆ. ಓಗರ್‌ನ ಒಂದೇ ಏಟು 13 ತೆಗೆಯುತ್ತೆ. ಸರದಿ ಸರದಿಗೂ ಗಾಯ ತುಂಬುತ್ತಾ ಕೂತರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. 2024ರ ಪುಸ್ತಕ ಆ ಮಂತ್ರದ ದಾಳವನ್ನು ಒಂದರಿಂದ ಎರಡಕ್ಕೆ ಏರಿಸಿದ್ದು ಸುಮ್ಮನೆ ಅಲ್ಲ.

ಗುಣಪಡಿಸೋ ಮಂತ್ರದ ನಿಜವಾದ ಬೆಲೆ ಇರೋದು ಯಾರಾದರೂ ಸೊನ್ನೆಗೆ ಇಳಿದು ಬಿದ್ದಾಗ. ಬಿದ್ದವರು ಪ್ರತಿ ಸರದಿಗೂ ದಾಳ ಹಾಕಬೇಕು: ಹತ್ತು ಅಥವಾ ಹೆಚ್ಚು ಬಂದರೆ ಒಂದು ಗೆಲುವು, ಕಮ್ಮಿ ಬಂದರೆ ಒಂದು ಸೋಲು. ಮೂರು ಗೆಲುವು ಬಂದರೆ ಜೀವ ನಿಲ್ಲುತ್ತೆ, ಮೂರು ಸೋಲು ಬಂದರೆ ಕಥೆ ಮುಗೀತು. ಆ ಹೊತ್ತಲ್ಲಿ ಅರವತ್ತು ಅಡಿ ದೂರದಿಂದ ಕ್ಲೆರಿಕ್ ಹೀಲಿಂಗ್ ವರ್ಡ್ ಅಂತ ಒಂದು ಮಾತು ಹೇಳಿದರೆ ಸಾಕು, ಬಿದ್ದವನು ಎದ್ದು ಮುಂದಿನ ಸರದಿಗೆ ಕತ್ತಿ ಬೀಸಬಹುದು. ಉಳಿದ ಸಮಯದಲ್ಲಿ ಕ್ಲೆರಿಕ್ ಗದೆ ಹಿಡಿದು ಆರಾಮಾಗಿ ಹೊಡೆದಾಡಲಿ.

ಈ ಭಾನುವಾರಕ್ಕೆ ಏನು ಮಾಡಬಹುದು?

ಹೊಸ ಪುಸ್ತಕ ಕೊಳ್ಳಬೇಕಿಲ್ಲ, ನಿಯಮ ತಿದ್ದಬೇಕಿಲ್ಲ. ಡಿಎಂ ಆದವರು ಇಷ್ಟು ಮಾಡಿ ನೋಡಿ.

ಕಥೆಯ ದಿನವನ್ನು ಆಟದ ದಿನದಿಂದ ಬಿಡಿಸಿ. ಕಥೆಯೊಳಗಿನ ಒಂದು ದಿನ ಮೂರು ಭಾನುವಾರ ನಡೆಯಲಿ. ಆಟ ನಿಲ್ಲಿಸುವಾಗ ಎಲ್ಲರೂ ತಮ್ಮ ಹಾಳೆಯ ಫೋಟೊ ತೆಗೆದು ಗ್ರೂಪ್‌ಗೆ ಹಾಕಲಿ: ಎಷ್ಟು ಮಂತ್ರ ಉಳಿದಿದೆ, ಎಷ್ಟು ಹಿಟ್ ಪಾಯಿಂಟ್ ಇದೆ. ಮುಂದಿನ ಸಲ ಅಲ್ಲಿಂದಲೇ ಶುರು. ಕಥೆ ವಾರಗಟ್ಟಲೆ ಪ್ರಯಾಣದ್ದಾದರೆ ಗೈಡ್‌ನಲ್ಲೇ ಇನ್ನೊಂದು ಆಯ್ಕೆ ಇದೆ: ಸಣ್ಣ ವಿಶ್ರಾಂತಿಗೆ ಎಂಟು ಗಂಟೆ, ದೊಡ್ಡ ವಿಶ್ರಾಂತಿಗೆ ಏಳು ದಿನ. ಬಿಡುವಿಲ್ಲದ ಗುಂಪುಗಳಿಗೆ ಇದು ಚೆನ್ನಾಗಿ ಹೊಂದುತ್ತೆ.

ಒಂದೇ ಕಾಳಗಕ್ಕೆ ಟೈಮ್ ಇದ್ದರೆ ಶತ್ರುಗಳನ್ನು ಅಲೆ ಅಲೆಯಾಗಿ ಕಳಿಸಿ. ಮೊದಲು ಎರಡು ಓಗರ್, ಎರಡು ಸುತ್ತಾದ ಮೇಲೆ ಹಿಂಬದಿಯಿಂದ ಇನ್ನೆರಡು. ಅದೇ ಫೈರ್‌ಬಾಲ್ ಈಗ 98ರ ಬದಲು 49. ವಿಝಾರ್ಡ್‌ನಿಂದ ಏನನ್ನೂ ಕಿತ್ತುಕೊಂಡಿಲ್ಲ. ‘ಈಗಲೇ ಹಾಕಲಾ, ಕಾಯಲಾ?’ ಅಂತ ಯೋಚಿಸೋ ಖುಷಿಯನ್ನ ಕೊಟ್ಟಿದ್ದೀರಿ.

ಒಂಟಿ ಬಾಸ್‌ಗೆ ಜೊತೆ ಕೊಡಿ. ನಾಲ್ಕು ಜನರ ಎದುರು ಒಬ್ಬನೇ ನಿಂತರೆ ಅವನಿಗೆ ಒಂದು ಸರದಿ ಬರುವಷ್ಟರಲ್ಲಿ ಇವರದ್ದು ನಾಲ್ಕು ಆಗಿರುತ್ತೆ. ದೊಡ್ಡ ಡ್ರ್ಯಾಗನ್‌ಗಳಿಗೆ ಬೇರೆಯವರ ಸರದಿಯ ಕೊನೆಯಲ್ಲೂ ಏನಾದರೂ ಮಾಡುವ ಹಕ್ಕು ಕೊಟ್ಟಿರೋದು, ದಿನಕ್ಕೆ ಮೂರು ಸಲ ಮಂತ್ರದಿಂದ ತಪ್ಪಿಸಿಕೊಳ್ಳೋ ಶಕ್ತಿ ಕೊಟ್ಟಿರೋದು ಇದಕ್ಕೇ. ಅಷ್ಟೆಲ್ಲ ಇಲ್ಲದ ಬಾಸ್ ಆದರೆ ಪಕ್ಕದಲ್ಲಿ ನಾಲ್ಕು ಕಾವಲುಗಾರರನ್ನು ನಿಲ್ಲಿಸಿ. ಫೈಟರ್‌ಗೂ ಕೆಲಸ, ರೋಗ್‌ಗೂ ಕೆಲಸ.

ಸೇಡು ತೀರಿಸಿಕೊಳ್ಳಬೇಡಿ. ಫೈರ್‌ಬಾಲ್ ಜಾಸ್ತಿ ಆಯ್ತು ಅಂತ ಮುಂದಿನ ಮೂರು ಆಟದಲ್ಲೂ ಬೆಂಕಿಗೆ ಜಗ್ಗದ ರಾಕ್ಷಸರನ್ನೇ ತಂದರೆ ಮೊಬೈಲ್ ಹಿಡಿಯೋ ಕೈ ಬದಲಾಗುತ್ತೆ, ಅಷ್ಟೇ. ಒಬ್ಬರ ಬೇಜಾರನ್ನು ಇನ್ನೊಬ್ಬರಿಗೆ ದಾಟಿಸೋದು ಬ್ಯಾಲೆನ್ಸ್ ಆಗಲ್ಲ.

ಕಾಣದ ಕೆಲಸವನ್ನು ಬಾಯಿಬಿಟ್ಟು ಹೇಳಿ. ಕ್ಲೆರಿಕ್ ಬ್ಲೆಸ್ ಮಂತ್ರ ಹಾಕಿದರೆ ಮೂರು ಜನರ ಪ್ರತಿ ಏಟಿಗೂ ನಾಲ್ಕು ಮುಖದ ಒಂದು ದಾಳ ಹೆಚ್ಚಿಗೆ ಸಿಗುತ್ತೆ. ಸರಾಸರಿ 2.5; ಇಪ್ಪತ್ತು ಮುಖದ ದಾಳದ ಮೇಲೆ ಅದು ಸುಮಾರು 12 ಪರ್ಸೆಂಟ್. ಕೋಡ್ ರಿವ್ಯೂ ಮಾಡಿದವರ ಹೆಸರು ಡೆಮೊದಲ್ಲಿ ಬರದ ಹಾಗೆ, ಈ ಸಹಾಯ ಯಾರ ಲೆಕ್ಕಕ್ಕೂ ಸಿಗೋದಿಲ್ಲ. ‘ಆ ಬ್ಲೆಸ್ ಇಲ್ಲದಿದ್ದರೆ ಈ ಏಟು ತಪ್ಪಿಹೋಗ್ತಿತ್ತು’ ಅಂತ ಡಿಎಂ ಒಂದು ಮಾತು ಹೇಳಲಿ. ಕ್ಲೆರಿಕ್ ಆಡೋರ ಮುಖ ನೋಡಿ ಆಗ.

ಆಟಗಾರರಿಗೂ ಒಂದು ಮಾತು. ಪಾತ್ರ ಆರಿಸುವ ದಿನ ‘ಹೀಲರ್ ಯಾರು, ಟ್ಯಾಂಕ್ ಯಾರು’ ಅಂತ ಖಾಲಿ ಹುದ್ದೆ ತುಂಬಲು ಹೋಗಬೇಡಿ. ನಾಲ್ಕು ಜನವೂ ಕಳ್ಳರಾಗಬೇಕು ಅಂದರೆ ಆಗಿ; ಡಿಎಂ ಅರಮನೆಯ ಗೋಡೆ ಹಾರುವ ಕಥೆ ತರಲಿ, ಬಯಲಿನ ಯುದ್ಧ ಬೇಡ. ಇಷ್ಟವಿಲ್ಲದ ಪಾತ್ರವನ್ನು ತಂಡಕ್ಕಾಗಿ ಹೊತ್ತುಕೊಂಡವರು ಹೆಚ್ಚು ದಿನ ಹೊರೋದಿಲ್ಲ.

ಕೊನೆಗೆ, ದಾಳ ಡಬ್ಬಿಗೆ ಹಾಕುವ ಮೊದಲು ಎರಡೇ ನಿಮಿಷ ಮೀಸಲಿಡಿ. ಒಬ್ಬೊಬ್ಬರನ್ನೇ ಕೇಳಿ: ‘ಇವತ್ತು ನಿನ್ನ ಪಾತ್ರ ಇರದಿದ್ದರೆ ಏನಾಗ್ತಿತ್ತು?’ ವಿಝಾರ್ಡ್ ಥಟ್ ಅಂತ ಉತ್ತರ ಕೊಡುತ್ತಾಳೆ. ರೋಗ್ ನಗುತ್ತಾ ಏನೋ ಹೇಳುತ್ತಾನೆ. ಯಾರಾದರೂ ಒಬ್ಬರು ‘ಏನೂ ಆಗ್ತಿರಲಿಲ್ಲ ಬಿಡು’ ಅಂದರೆ, ಮುಂದಿನ ಆಟದ ನಕ್ಷೆಯನ್ನು ಅವರನ್ನೇ ಮನಸ್ಸಲ್ಲಿಟ್ಟುಕೊಂಡು ಬರೆಯಿರಿ.